ಹಿಂದೆ ಜೋಡಿ ಗಾಲಿ ಹಾಕಿದರೆ ಭಾರ ಹೊರುವವರು ಯಾರು?

ಗಂಗಾವತಿ, ಕಾರಟಗಿ ಸೀಮೆಯಲ್ಲಿ ಭತ್ತದ ಲೆಕ್ಕ ನಡೆಯುವುದು 75 ಕೆ.ಜಿ. ಚೀಲದಲ್ಲಿ. ದರ ಕೂಗುವುದೂ ಚೀಲಕ್ಕೆ, ಬಾಡಿಗೆ ಮಾತಾಡುವುದೂ ಚೀಲಕ್ಕೆ. 1.7 ಟನ್ ಹೊರುವ ಪಿಕಪ್‌ಗೆ ಇಂಥ 22 ಚೀಲ ಹೇರಿದರೆ 1,650 ಕೆ.ಜಿ. ಆಯಿತು, ಕಾಗದದ ಮೇಲಿನ ಮಿತಿ ಅಲ್ಲಿಗೆ ಮುಗಿಯಿತು. ಆದರೆ ಮೋಡ ಕವಿದು, ಕಣದಲ್ಲಿ ರಾಶಿ ಬಯಲಿಗೆ ಬಿದ್ದಿರುವಾಗ 22ಕ್ಕೆ ಕೈ ತಡೆಯುವವರು ಕಡಿಮೆ. ಮೂವತ್ತಾಗುತ್ತದೆ, ಒಮ್ಮೊಮ್ಮೆ ನಲವತ್ತೂ ಆಗುತ್ತದೆ. ನಲವತ್ತು ಚೀಲ ಎಂದರೆ ಬರೋಬ್ಬರಿ ಮೂರು ಟನ್. ಹಿಂದಿನ ಕಮಾನು ಪಟ್ಟಿಗಳು ನೆಟ್ಟಗಾಗಿ, ಟೈರಿನ ಹೊಟ್ಟೆ ಉಬ್ಬಿ, ಗಾಡಿಯ ಮೂತಿ ಮೇಲೇಳುತ್ತದೆ. ಅದನ್ನು ನೋಡಿದ ಮಾಲೀಕನ ಮನಸ್ಸಿಗೆ ಬರುವ ಮೊದಲ ಯೋಚನೆ ಇದು: ಹಿಂದೆ ಆ ಕಡೆಗೊಂದು ಈ ಕಡೆಗೊಂದು ಗಾಲಿ ಕೂಡಿಸಿ, ನಾಲ್ಕು ಟೈರಿನ ಗಾಡಿಯನ್ನು ಆರು ಟೈರಿನದ್ದು ಮಾಡಿಬಿಟ್ಟರೆ ಹೇಗೆ?

ಕೊಪ್ಪಳ ಜಿಲ್ಲೆಯ ಜನರಿಗೆ ಈ ಯೋಚನೆ ಬರುವುದು ಸಹಜ, ಜೋಡಿ ಗಾಲಿ ಇಲ್ಲಿ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತದೆ. ಗಿಣಿಗೇರಿಯ ಉಕ್ಕಿನ ಕಾರ್ಖಾನೆಗಳಿಗೆ ಅದಿರು ತರುವ ಲಾರಿಗಳಿಗೂ, ಕುಷ್ಟಗಿ ಕಡೆಯಿಂದ ಇಳಕಲ್ಲಿನತ್ತ ಗ್ರಾನೈಟ್ ದಿಮ್ಮಿ ಹೊತ್ತು ಹೋಗುವ ಗಾಡಿಗಳಿಗೂ ಹಿಂದೆ ಜೋಡಿ ಗಾಲಿಯೇ. 1986ರಲ್ಲಿ ಬಂದು ಇಂದಿಗೂ ಊರೂರಲ್ಲಿ ಓಡುತ್ತಿರುವ ಟಾಟಾ 407ಕ್ಕೂ ಅಷ್ಟೇ. ಗದ್ದೆಗೆ ಇಳಿದರೆ ಇನ್ನೊಂದು ಬಗೆಯ ಜೋಡಿ ಕಾಣುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಮಡಿಗಳಲ್ಲಿ ರೊಳ್ಳೆ ಹೊಡೆಯುವ ಟ್ರ್ಯಾಕ್ಟರಿನ ಹಿಂದಿನ ರಬ್ಬರ್ ಟೈರಿನ ಪಕ್ಕಕ್ಕೆ ಕಬ್ಬಿಣದ ಕೇಜ್‌ವೀಲ್ ಬಿಗಿಯುತ್ತಾರಲ್ಲ, ಅದು ಹಿಂದಿನ ಗಾಲಿಯನ್ನು ಜೋಡಿ ಮಾಡುವ ಕೆಲಸವೇ. ಅದು ಸರಾಗವಾಗಿ ನಡೆಯುತ್ತದೆ. ಹಾಗಾದರೆ ಪಿಕಪ್‌ಗೆ ಯಾಕಾಗಬಾರದು?

ಕೇಜ್‌ವೀಲ್‌ಗೆ ಯಾಕೆ ಆಗುತ್ತದೆ ಎಂಬುದನ್ನು ನೋಡಿದರೆ ಪಿಕಪ್‌ಗೆ ಯಾಕೆ ಆಗುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಸಿಗುತ್ತದೆ. ಕೇಜ್‌ವೀಲ್ ಟ್ರ್ಯಾಕ್ಟರಿನ ಮೇಲೆ ಹೆಚ್ಚಿನ ಸರಕು ಹೇರಲು ಹಾಕಿದ್ದಲ್ಲ. ಇರುವ ಭಾರವನ್ನೇ ಅಗಲಕ್ಕೆ ಹರಡಿ ಕೆಸರಿನಲ್ಲಿ ಹುದುಗದಂತೆ ಮಾಡುವುದು, ಮಣ್ಣಿಗೆ ಕಚ್ಚಿ ಎಳೆಯುವುದು, ಇಷ್ಟೇ ಅದರ ಕೆಲಸ. ಓಡುವುದು ಮೆತ್ತನೆಯ ಕೆಸರಿನಲ್ಲಿ, ಆಳು ನಡೆಯುವ ವೇಗದಲ್ಲಿ. ಅದೇ ಕೇಜ್‌ವೀಲನ್ನು ಬಿಚ್ಚದೆ ಡಾಂಬರು ರಸ್ತೆಗೆ ತಂದರೆ ರಸ್ತೆ ಹಾಳಾಗುವುದನ್ನು ಗಂಗಾವತಿ ತಾಲ್ಲೂಕಿನ ಕ್ಯಾಂಪುಗಳ ಜನ ಕಣ್ಣಾರೆ ಕಂಡವರು. ಪಿಕಪ್‌ಗೆ ಜೋಡಿ ಗಾಲಿ ಬೇಕೆನ್ನುವವರ ಉದ್ದೇಶ ಬೇರೆ: ಹೆಚ್ಚು ಚೀಲ, ಗಟ್ಟಿ ರಸ್ತೆ, ಗಂಟೆಗೆ ಐವತ್ತು ಅರವತ್ತು ಕಿ.ಮೀ. ವೇಗ.

ಜೋಡಿ ಗಾಲಿಯಿಂದ ಆಗುವ ಒಳಿತು ನಿಜವಾದದ್ದು, ಅದನ್ನು ಮೊದಲು ಹೇಳಬೇಕು. ಹಿಂದಿನ ಭಾರ ಎರಡರ ಬದಲು ನಾಲ್ಕು ಟೈರುಗಳಿಗೆ ಹಂಚಿಕೆಯಾಗುತ್ತದೆ. ಒಂದು ಟೈರ್ ಸಿಡಿದರೂ ಪಕ್ಕದ್ದು ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಹೆಜ್ಜೆ ಅಗಲವಾಗುವುದರಿಂದ ಎತ್ತರದ ಹೇರು ತೂಗಾಡುವುದು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಗಂಗಾವತಿಯಿಂದ ಕುಷ್ಟಗಿ, ಯಲಬುರ್ಗಾದ ಒಣ ಊರುಗಳಿಗೆ ಭತ್ತದ ಹುಲ್ಲು ಸಾಗಿಸುವವರಿಗೆ ಈ ಕೊನೆಯ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಹುಲ್ಲಿನ ಹೇರು ತೂಕದಲ್ಲಿ ಹಗುರ, ಎತ್ತರದಲ್ಲಿ ಭಾರಿ. ತಿರುವಿನಲ್ಲಿ ಅದು ಪಕ್ಕಕ್ಕೆ ವಾಲುವಾಗ ಚಾಲಕನ ಜೀವ ಕೈಗೆ ಬಂದಿರುತ್ತದೆ.

ರಸ್ತೆಗೂ ಜೋಡಿ ಗಾಲಿ ಒಳ್ಳೆಯದೇ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ 1958ರಿಂದ 1960ರವರೆಗೆ ಪ್ರಯೋಗದ ರಸ್ತೆಗಳನ್ನೇ ಕಟ್ಟಿ, ಅವುಗಳ ಮೇಲೆ ಹಗಲಿರುಳು ಲಾರಿ ಓಡಿಸಿ ನೋಡಿದರು. ಅದರಿಂದ ಹೊರಬಿದ್ದ ಸೂತ್ರ ಇಂದಿಗೂ ಜಗತ್ತಿನ ರಸ್ತೆ ಎಂಜಿನಿಯರುಗಳ ಕೈಪಿಡಿಯಲ್ಲಿದೆ: ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಡಾಂಬರು ರಸ್ತೆಯ ದಪ್ಪ ಲೆಕ್ಕ ಹಾಕುವಾಗ ಜೋಡಿ ಗಾಲಿಯ ಆಕ್ಸಲ್‌ಗೆ 80 ಕಿಲೋನ್ಯೂಟನ್, ಅಂದರೆ ಸುಮಾರು 8.16 ಟನ್ ಅಳತೆಗೋಲು ಇಟ್ಟುಕೊಳ್ಳುತ್ತದೆ. ಒಂಟಿ ಗಾಲಿಯ ಆಕ್ಸಲ್‌ಗೆ ಆ ಅಳತೆಗೋಲು 65 ಕಿಲೋನ್ಯೂಟನ್ ಮಾತ್ರ. ಇದೇ ಲೆಕ್ಕ ಮುಂದುವರಿಸಿದರೆ, ಒಂದೇ ತೂಕವನ್ನು ಜೋಡಿ ಗಾಲಿಯ ಬದಲು ಒಂಟಿ ಗಾಲಿಯ ಮೇಲೆ ಸಾಗಿಸಿದರೆ ರಸ್ತೆಗೆ ಎರಡೂಕಾಲು ಪಟ್ಟಿಗಿಂತ ಹೆಚ್ಚು ಪೆಟ್ಟು.

ಹಾಗಾದರೆ ಟೈರ್ ಎರಡು ಪಟ್ಟಾದಾಗ ಟೈರುಗಳ ಶಕ್ತಿಯಾದರೂ ಎರಡು ಪಟ್ಟಾಗುತ್ತದೆಯೇ? ಅದೂ ಪೂರ್ತಿ ಆಗುವುದಿಲ್ಲ. ಗೂಡ್ಸ್ ಗಾಡಿಯ ಟೈರಿನ ಪಕ್ಕದಲ್ಲಿ ಅಳತೆಯ ಜೊತೆಗೆ 122/121 ಎಂಬಂಥ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಟೈರ್ ಒಂಟಿಯಾಗಿದ್ದಾಗ ಹೊರುವ ಭಾರದ ಸಂಕೇತ, ಎರಡನೆಯದು ಜೋಡಿಯಲ್ಲಿದ್ದಾಗಿನದು. 122 ಎಂದರೆ 1,500 ಕೆ.ಜಿ., 121 ಎಂದರೆ 1,450 ಕೆ.ಜಿ. ಜೋಡಿಯಲ್ಲಿ ಪ್ರತಿ ಟೈರಿನ ಪಾಲು ಇಳಿಯುತ್ತದೆ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುವುದರಿಂದ ಜೋಡಿಯ ಎರಡೂ ಟೈರುಗಳು ಯಾವಾಗಲೂ ಸಮನಾಗಿ ಊರುವುದಿಲ್ಲ, ಒಳಗಿನದಕ್ಕೆ ಗಾಳಿಯಾಡದೆ ಬಿಸಿಯೂ ಹೆಚ್ಚು. ತಯಾರಕರು ಇದನ್ನು ಲೆಕ್ಕಕ್ಕೆ ಹಿಡಿದೇ ಆ ಎರಡನೆಯ ಅಂಕಿ ಅಚ್ಚು ಹಾಕಿರುತ್ತಾರೆ.

ಇಷ್ಟು ಟೈರಿನ ಮಾತು. ಪಿಕಪ್‌ನ ಭಾರವನ್ನು ಟೈರ್ ಒಂದೇ ಹೊರುವುದಿಲ್ಲ. ಚೀಲದ ತೂಕ ಮೊದಲು ಗಾಡಿಯ ಬಾಡಿ ಮೇಲೆ ಬಿದ್ದು, ಅಲ್ಲಿಂದ ಚಾಸಿಗೆ, ಚಾಸಿಯಿಂದ ಕಮಾನು ಪಟ್ಟಿಗೆ, ಪಟ್ಟಿಯಿಂದ ಆಕ್ಸಲ್ ಕೊಳವೆಗೆ, ಕೊಳವೆಯಿಂದ ಬೇರಿಂಗ್‌ಗೆ, ಬೇರಿಂಗ್‌ನಿಂದ ಹಬ್‌ಗೆ, ಹಬ್‌ನ ಬೋಲ್ಟುಗಳಿಂದ ಡಿಸ್ಕಿಗೆ, ಕಟ್ಟಕಡೆಗೆ ಟೈರಿಗೆ ಬರುತ್ತದೆ. ಈ ಸಾಲಿನಲ್ಲಿ ಕೊನೆಯ ಒಂದನ್ನು ಗಟ್ಟಿ ಮಾಡಿ ಉಳಿದದ್ದನ್ನು ಹಾಗೇ ಬಿಟ್ಟರೆ, ಮುರಿಯುವ ಜಾಗ ಟೈರಿನಿಂದ ಒಳಕ್ಕೆ ಸರಿಯುತ್ತದೆ. ಟೈರ್ ಸಿಡಿದರೆ ಸದ್ದಾದರೂ ಆಗುತ್ತದೆ. ಆಕ್ಸಲ್‌ನಲ್ಲಿ ಬಿದ್ದ ಕೂದಲೆಳೆಯ ಬಿರುಕು ಯಾರಿಗೂ ಕಾಣುವುದಿಲ್ಲ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದು ಗಾಲಿ ಎಲ್ಲಿ ಕೂರುತ್ತದೆ ಎಂಬ ಪ್ರಶ್ನೆ. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಒಂಟಿ ಗಾಲಿಯ ಗಾಡಿಯಲ್ಲಿ ಟೈರಿನ ನಡುಗೆರೆ ಬೇರಿಂಗ್‌ನ ಹತ್ತಿರವೇ ಬರುವಂತೆ ಡಿಸ್ಕನ್ನು ರೂಪಿಸಿರುತ್ತಾರೆ. 407ರಂಥ ಗಾಡಿಯಲ್ಲಿ ಬಟ್ಟಲಿನಂತೆ ಆಳವಾಗಿ ತಗ್ಗಿದ ಡಿಸ್ಕುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬಿಗಿಯುತ್ತಾರೆ. ಒಂದು ಟೈರ್ ಬೇರಿಂಗ್‌ನ ಒಳಗಡೆಗೆ, ಇನ್ನೊಂದು ಹೊರಗಡೆಗೆ ಬರುತ್ತದೆ. ಎರಡರ ನಡುವಿನ ಗೆರೆ ಮತ್ತೆ ಬೇರಿಂಗ್ ಬಳಿಯೇ ಬೀಳುತ್ತದೆ. ಹೀಗಾಗಬೇಕಾದರೆ ಒಳಗಿನ ಟೈರಿಗೆ ಜಾಗ ಬೇಕು. ಅದಕ್ಕೇ ಆ ಗಾಡಿಗಳ ಚಾಸಿ, ಕಮಾನು ಪಟ್ಟಿ, ಆಕ್ಸಲ್ ಎಲ್ಲವನ್ನೂ ಮೊದಲ ದಿನದಿಂದಲೇ ಅದರ ಲೆಕ್ಕಕ್ಕೆ ಮಾಡಿರುತ್ತಾರೆ.

ಒಂಟಿ ಗಾಲಿಯ ಪಿಕಪ್‌ನಲ್ಲಿ ಆ ಜಾಗ ಇಲ್ಲ. ಟೈರಿನ ಒಳಮೈಯಿಂದ ಕೆಲವೇ ಬೆರಳಿನ ಅಂತರದಲ್ಲಿ ಕಮಾನು ಪಟ್ಟಿ ನಿಂತಿರುತ್ತದೆ. ಆದ್ದರಿಂದ ಎರಡನೆಯ ಗಾಲಿ ಹೊರಗಡೆಗೇ ಬರಬೇಕು, ನಡುವೆ ಉಕ್ಕಿನ ದಪ್ಪ ತುಂಡು, ಅಂದರೆ ಸ್ಪೇಸರ್ ಕೊಡಬೇಕು. ಎರಡು ಟೈರುಗಳ ಹೊಟ್ಟೆ ಒಂದಕ್ಕೊಂದು ತಾಗದಿರಲು ಅವುಗಳ ನಡುಗೆರೆಗಳ ನಡುವೆ ಸುಮಾರು 24 ಸೆಂ.ಮೀ. ಬಿಟ್ಟೆವೆಂದುಕೊಳ್ಳಿ. ಆಗ ಭಾರದ ಗೆರೆ ಬೇರಿಂಗ್‌ನಿಂದ 12 ಸೆಂ.ಮೀ. ಹೊರಕ್ಕೆ ಜರುಗಿತು. ಒಂದು ಬದಿಗೆ ಒಂದು ಟನ್ ಕೂತಿದ್ದರೆ ಬೇರಿಂಗ್ ಮೇಲೆ 120 ಕೆ.ಜಿ.-ಮೀಟರ್ ಬಾಗುಬಲ ಹೊಸದಾಗಿ ಬಂತು. ಹೊರಗಿನ ಟೈರ್ ಒಂದು ಕಲ್ಲಿನ ಮೇಲೆ ಹತ್ತಿ ಒಳಗಿನದು ಗಾಳಿಯಲ್ಲಿ ನಿಂತ ಗಳಿಗೆಯಲ್ಲಿ ಇಡೀ ಟನ್ ಹೊರಗಿನದರ ಮೇಲೆ ಬರುತ್ತದೆ, ಬಾಗುಬಲ 240ಕ್ಕೆ ಏರುತ್ತದೆ. ಜಿಗಿತದ ಪೆಟ್ಟು ಇದರಲ್ಲಿ ಇನ್ನೂ ಸೇರಿಲ್ಲ. ಯಲಬುರ್ಗಾ ತಾಲ್ಲೂಕಿನ ಒಳದಾರಿಗಳಲ್ಲಿ ಇಂಥ ಕಲ್ಲು ಮಾರಿಗೊಂದು ಸಿಗುತ್ತದೆ.

ಆಕ್ಸಲ್‌ಗಳಲ್ಲೂ ಎರಡು ಬಗೆ. ಹಗುರ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಸೆಮಿ ಫ್ಲೋಟಿಂಗ್. ಅದರಲ್ಲಿ ಗಾಲಿಯನ್ನು ತಿರುಗಿಸುವ ಶಾಫ್ಟೇ ಗಾಡಿಯ ಭಾರವನ್ನೂ ಹೊರುತ್ತದೆ. ಲಾರಿಗಳದ್ದು ಫುಲ್ ಫ್ಲೋಟಿಂಗ್. ಅಲ್ಲಿ ಹಬ್ ಎರಡು ಬೇರಿಂಗ್‌ಗಳ ಮೇಲೆ ಆಕ್ಸಲ್ ಕೊಳವೆಗೇ ಕೂತಿರುತ್ತದೆ, ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ಶಾಫ್ಟ್ ತುಂಡಾದರೂ ಗಾಲಿ ಕಳಚಿ ಬೀಳುವುದಿಲ್ಲ. ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಶಾಫ್ಟ್ ಮುರಿದರೆ ಗಾಲಿ ಶಾಫ್ಟಿನ ಸಮೇತ ಹೊರಬರಬಹುದು. ಅಂಥ ಆಕ್ಸಲ್‌ಗೆ ಸ್ಪೇಸರ್ ಹಾಕಿ ಜೋಡಿ ಗಾಲಿ ನೇತುಹಾಕುವುದು, ನನ್ನ ದೃಷ್ಟಿಯಲ್ಲಿ, ಎದುರಿಗೆ ಬರುವ ಬೈಕಿನವನ ಜೀವದ ಜೊತೆ ಆಡುವ ಆಟ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 1973ರಲ್ಲಿ ತನ್ನ ಒಂದು ಟನ್ ಪಿಕಪ್‌ಗಳಿಗೆ ಜೋಡಿ ಗಾಲಿ ಕೊಟ್ಟಾಗ ಅದನ್ನು ಕಾರ್ಖಾನೆಯಲ್ಲೇ ಮಾಡಿ ಕೊಟ್ಟಿತು.

ಇನ್ನು ಬ್ರೇಕು. 1.7 ಟನ್‌ಗೆ ರೂಪಿಸಿದ ಡ್ರಮ್ಮು ಮೂರು ಟನ್ ಹೇರಿದ ಗಾಡಿಯನ್ನು ನಿಲ್ಲಿಸಬೇಕಾದಾಗ ಭಾರ ಹೆಚ್ಚಿದಷ್ಟೂ ಶಾಖ ಹೆಚ್ಚು ಹುಟ್ಟುತ್ತದೆ. ಜೋಡಿ ಗಾಲಿ ಆ ಡ್ರಮ್ಮನ್ನು ಇನ್ನಷ್ಟು ಒಳಗೆ ಮುಚ್ಚಿ, ಅದಕ್ಕೆ ತಾಗುವ ಗಾಳಿಯನ್ನೂ ತಡೆಯುತ್ತದೆ. ಇಳಿಜಾರಿನಲ್ಲಿ ಎರಡು ಸಲ ಬಲವಾಗಿ ಒತ್ತಿದ ಮೇಲೆ ಮೂರನೆಯ ಸಲ ಪೆಡಲ್ ಮೆತ್ತಗಾದರೆ ಚಾಲಕ ಏನು ಮಾಡಬೇಕು? ನಾಲ್ಕು ಟೈರ್ ಊರಿದ್ದರಿಂದ ಹಿಡಿತ ಹೆಚ್ಚಿತೆಂದು ಬ್ರೇಕಿನ ಶಕ್ತಿ ಹೆಚ್ಚುವುದಿಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯ ನೆಲಕ್ಕೆ ಜೋಡಿ ಗಾಲಿ ಹೊಂದುತ್ತದೆಯೇ ಎಂಬುದೂ ಬೇರೆಯೇ ಪ್ರಶ್ನೆ. ಎರೆ ಹೊಲದ ದಾರಿಯಲ್ಲಿ ಮಳೆ ಬಿದ್ದ ಮೇಲೆ ಎರಡು ಟೈರುಗಳ ಸಂದಿಗೆ ಅಂಟುಮಣ್ಣು ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಮುಂದಿನ ಒಂಟಿ ಗಾಲಿ ಮಾಡಿದ ಜಾಡಿನಲ್ಲಿ ಹಿಂದಿನ ಜೋಡಿ ಪೂರ್ತಿ ಹಿಡಿಸುವುದಿಲ್ಲ, ಒಂದು ಟೈರ್ ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ. ಮಸಾರಿ ಸೀಮೆಯಲ್ಲಿ, ಕ್ವಾರಿ ದಾರಿಯಲ್ಲಿ ಜಲ್ಲಿಕಲ್ಲು ಸಂದಿಗೆ ಸಿಕ್ಕಿ ಎರಡೂ ಟೈರುಗಳ ಪಕ್ಕವನ್ನು ಕೊರೆಯುತ್ತದೆ, ವೇಗದಲ್ಲಿ ಸಿಡಿದರೆ ಹಿಂದೆ ಬರುವವನ ಗಾಜಿಗೆ. ಕಾಲುವೆ ಏರಿಯ ಮೇಲಿನ ಕಿರುದಾರಿಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ಗಾಡಿ ಎರಡೂ ಕಡೆ ಒಂದೊಂದು ಗೇಣು ಅಗಲವಾದರೆ ಹೊರಗಿನ ಟೈರ್ ಏರಿಯ ಸಡಿಲ ಅಂಚಿಗೆ ಬರುತ್ತದೆ, ಮುಂದೆ ಕೂತ ಚಾಲಕನಿಗೆ ಹಿಂದೆ ಅಷ್ಟು ಅಗಲವಿದೆ ಎಂಬ ಅಂದಾಜು ಕಣ್ಣಳತೆಗೆ ಸಿಗುವುದಿಲ್ಲ.

ದಾಳಿಂಬೆಯನ್ನು ಮರೆಯಬಾರದು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ರೈತರು ಬೋರಿನ ನೀರು ಹನಿಹನಿಯಾಗಿ ಬಿಟ್ಟು ಬೆಳೆಯುವ ಹಣ್ಣು ಅದು, ಸಿಪ್ಪೆಯ ಮೇಲೆ ಗುರುತು ಬಿದ್ದರೆ ದರ ಬೀಳುತ್ತದೆ. ಜೋಡಿ ಗಾಲಿಯ ಜೊತೆಗೆ ನಾಲ್ಕು ಪಟ್ಟಿ ಹೆಚ್ಚಿಗೆ ಹಾಕಿಸಿ ಕಮಾನನ್ನು ಬಿಗಿ ಮಾಡಿದ ಗಾಡಿ ಪೂರ್ತಿ ಹೇರು ಇಲ್ಲದಾಗ ಎತ್ತಿ ಎತ್ತಿ ಹಾಕುತ್ತದೆ. ಕ್ರೇಟಿನಲ್ಲಿ ಕೂತ ಹಣ್ಣಿಗೆ ಆ ಪೆಟ್ಟು ನೇರ ತಾಗುತ್ತದೆ. ಭತ್ತಕ್ಕೆ ಒಪ್ಪಿದ್ದು ಹಣ್ಣಿಗೆ ಒಪ್ಪುವುದಿಲ್ಲ.

ಜೋಡಿ ಗಾಲಿಯ ಆರೈಕೆಯೂ ಒಂಟಿ ಗಾಲಿಯದ್ದಕ್ಕಿಂತ ಹೆಚ್ಚು. ಜೋಡಿಯ ಎರಡೂ ಟೈರ್ ಒಂದೇ ಅಳತೆಯವಾಗಿದ್ದು, ಒಂದೇ ಪ್ರಮಾಣದಲ್ಲಿ ಸವೆದಿರಬೇಕು. ಹೊಸದರ ಪಕ್ಕಕ್ಕೆ ಬೋಳಾದದ್ದು ಹಾಕಿದರೆ ದೊಡ್ಡದು ಭಾರವನ್ನೆಲ್ಲ ತಾನೇ ಹೊರುತ್ತದೆ, ಚಿಕ್ಕದು ನೆಲಕ್ಕೆ ಉಜ್ಜುತ್ತ ಸವೆಯುತ್ತದೆ. ತಿರುವಿನಲ್ಲಿ ಹೊರಗಿನ ಟೈರ್ ಹೆಚ್ಚು ದೂರ ಉರುಳಬೇಕು, ಆದರೆ ಎರಡೂ ಒಂದೇ ಹಬ್‌ಗೆ ಬಿಗಿದಿರುವುದರಿಂದ ರಬ್ಬರ್ ಉಜ್ಜಲೇಬೇಕು. ಒಳಗಿನ ಟೈರಿನ ಗಾಳಿ ಇಳಿದದ್ದು ಹೊರಗಿನಿಂದ ಕಾಣುವುದಿಲ್ಲ. ಹಾಗೇ ಓಡಿಸಿದರೆ ಅದು ಕಾದು, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಲಾರಿಯ ಕ್ಲೀನರುಗಳು ಗಾಡಿ ನಿಂತಲ್ಲೆಲ್ಲ ಇಳಿದು ರಾಡಿನಿಂದ ಟೈರ್ ಬಡಿದು ಸದ್ದು ಕೇಳುತ್ತಾರೆ. ಟಣ್ ಎಂದರೆ ಗಾಳಿ ಇದೆ, ದಬ್ ಎಂದರೆ ಇಳಿದಿದೆ. ಒಬ್ಬನೇ ಓಡಿಸುವ ಪಿಕಪ್‌ನಲ್ಲಿ ಈ ಕೆಲಸಕ್ಕೆ ಬೇರೆ ಆಳಿರುವುದಿಲ್ಲ.

ಎರಡು ಗಾಲಿ ಹೆಚ್ಚಿಗೆ ಹಾಕಿದರೆ ಡಿಸ್ಕು, ಟೈರು ಸೇರಿ ಹತ್ತಿರ ಹತ್ತಿರ 60 ಕೆ.ಜಿ. ಗಾಡಿಯ ಸ್ವಂತ ತೂಕಕ್ಕೆ ಸೇರುತ್ತದೆ. ಒಟ್ಟು ತೂಕದ ಮಿತಿ ಬದಲಾಗದ್ದರಿಂದ ಹೇರಬಹುದಾದ ಸರಕು ಅಷ್ಟರಮಟ್ಟಿಗೆ ಕಡಿಮೆಯಾಯಿತು. ಖರ್ಚು ಮಾಡಿ ಗಾಲಿ ಹಾಕಿಸಿ, ಕಾನೂನಿನ ಪ್ರಕಾರ ಮುಕ್ಕಾಲು ಚೀಲ ಕಡಿಮೆ ಹೇರಿದಂತೆ.

ಈ ಮಿತಿ ಯಾಕೆ ಬದಲಾಗುವುದಿಲ್ಲ? 1988ರ ಮೋಟಾರು ವಾಹನ ಕಾಯ್ದೆಯ 58ನೇ ಕಲಮಿನಂತೆ ಸರಕು ಗಾಡಿಯ ನೋಂದಣಿ ಪತ್ರದಲ್ಲಿ ಖಾಲಿ ತೂಕ, ಒಟ್ಟು ತೂಕ, ಆಕ್ಸಲ್ ತೂಕದ ಜೊತೆಗೆ ಟೈರುಗಳ ಸಂಖ್ಯೆ, ಬಗೆ, ಅಳತೆ ಕೂಡ ದಾಖಲಾಗುತ್ತದೆ. ಅಂದರೆ ಕೆಎ 37 ಫಲಕದ ನಿಮ್ಮ ಗಾಡಿಗೆ ಎಷ್ಟು ಟೈರ್ ಎಂಬುದು ಸರ್ಕಾರಿ ದಾಖಲೆಯ ಅಂಶ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದೆಂದು 52ನೇ ಕಲಮು ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಇನ್ನೂ ಬಿಗಿಯಾಯಿತು: ಅನುಮತಿ ಇಲ್ಲದ ಮಾರ್ಪಾಡು ಒಂದಕ್ಕೆ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಹೆಚ್ಚು ಭಾರ ಹೇರಿದ್ದಕ್ಕೆ ಕಾಯ್ದೆಯ ದಂಡ ಇಪ್ಪತ್ತು ಸಾವಿರ, ಅದರ ಮೇಲೆ ಹೆಚ್ಚಿನ ಪ್ರತಿ ಟನ್‌ಗೆ ಎರಡು ಸಾವಿರ, ಜೊತೆಗೆ ಹೆಚ್ಚುವರಿ ಸರಕು ಇಳಿಸುವ ಖರ್ಚು. ಅಪಘಾತವಾದರೆ ವಿಮೆಯ ಕಂಪನಿ ಮೊದಲು ನೋಡುವುದೂ ಗಾಡಿ ಕಾಗದದಲ್ಲಿದ್ದಂತೆ ಇತ್ತೇ ಎಂಬುದನ್ನು.

2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಆಕ್ಸಲ್‌ನ ಮಿತಿಯನ್ನು 10.2ರಿಂದ 11.5 ಟನ್‌ಗೆ ಏರಿಸಿತು. ಅದನ್ನು ತೋರಿಸಿ, ನಾಲ್ಕು ಟೈರ್ ಹಾಕಿದರೆ ಭಾರ ಹೇರಬಹುದಲ್ಲವೇ ಎಂದು ವಾದಿಸುವವರಿದ್ದಾರೆ. ಅದು ದೊಡ್ಡ ಲಾರಿಯ ಆಕ್ಸಲ್‌ಗೆ ಹಾಕಿದ ಮೇಲ್ಮಿತಿ. ಪಿಕಪ್‌ಗೆ ಅದರ ತಯಾರಕರು ಒಪ್ಪಿಸಿ ನೋಂದಾಯಿಸಿದ ತೂಕವೇ ಕೊನೆ.

ಇಷ್ಟೆಲ್ಲ ಹೇಳಿದ ಮೇಲೆ ರೈತನ ಅಥವಾ ಬಾಡಿಗೆ ಗಾಡಿಯವನ ಕಷ್ಟ ಹಾಗೇ ಉಳಿಯುತ್ತದೆ ಎಂಬುದು ನನಗೆ ಗೊತ್ತು. ಬಾಡಿಗೆ ಚೀಲದ ಲೆಕ್ಕಕ್ಕೆ ಸಿಗುವಾಗ, ಡೀಸೆಲ್ ಒಂದು ಟ್ರಿಪ್ಪಿನ ಲೆಕ್ಕಕ್ಕೆ ಸುಡುವಾಗ, ಸಾಲದ ಕಂತು ತಿಂಗಳ ಲೆಕ್ಕಕ್ಕೆ ಬರುವಾಗ ಹೆಚ್ಚು ಹೇರುವ ಆಸೆ ದುರಾಸೆಯಲ್ಲ, ಬದುಕಿನ ಒತ್ತಡ. ಮಿಲ್ಲಿನವರು, ದಲಾಲರು ಗಾಡಿಯ ಮಿತಿಗೆ ತಕ್ಕಂತೆ ಟ್ರಿಪ್ಪಿನ ಬಾಡಿಗೆ ಗೊತ್ತು ಮಾಡಿದರೆ ಈ ಒತ್ತಡ ಅರ್ಧ ಇಳಿಯುತ್ತದೆ. ಆ ಮಾತು ಗಂಗಾವತಿಯ ಮಾರುಕಟ್ಟೆಯಲ್ಲಿ ನಡೆಯಬೇಕಾದದ್ದು, ವೆಲ್ಡಿಂಗ್ ಅಂಗಡಿಯಲ್ಲಿ ಮುಗಿಯುವಂಥದ್ದಲ್ಲ.

ನಾಟಿ ಕಾಲದಲ್ಲಿ ಇದೇ ಗಾಡಿಗಳಲ್ಲಿ ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಂಡು ಗದ್ದೆಗೆ ಕರೆದೊಯ್ಯುತ್ತಾರೆ. ಹಿಂದೆ ಜೋಡಿ ಗಾಲಿ ಇದೆ, ಗಾಡಿ ಮಗುಚುವುದಿಲ್ಲ ಎಂಬ ಧೈರ್ಯ ಯಾರಿಗೂ ಬರಬಾರದು. ಸರಕು ಗಾಡಿಗೆ ಎಷ್ಟು ಟೈರ್ ಹಾಕಿದರೂ ಅದು ಜನರನ್ನು ಹೊತ್ತೊಯ್ಯುವ ಗಾಡಿಯಾಗುವುದಿಲ್ಲ.

ದಿನಾಲೂ ಎರಡು ಟನ್ ದಾಟುವ ಕೆಲಸವಿರುವವರು ಕಾರ್ಖಾನೆಯಿಂದಲೇ ಆರು ಟೈರಿನೊಂದಿಗೆ ಬರುವ ಗಾಡಿ ಕೊಳ್ಳಬೇಕು. ಹಳೆಯದಾದರೂ ಸರಿ. ಲೈಸನ್ಸಿನ ಚಿಂತೆಯೂ ಬೇಡ: ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ಗಾಡಿಯನ್ನು ಹಗುರ ವಾಹನದ ಲೈಸನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ವರ್ಷಕ್ಕೆ ಎರಡು ಸುಗ್ಗಿಯಲ್ಲಿ ಮಾತ್ರ ಹೆಚ್ಚು ಹೇರುವವರಿಗೆ ಒಂದು ಟ್ರಿಪ್ಪು ಹೆಚ್ಚಿಗೆ ಹೊಡೆಯುವುದೇ ಅಗ್ಗ. ಹುಲ್ಲಿನವರು ಹೇರಿನ ಎತ್ತರ ಇಳಿಸಿ, ಹಗ್ಗ ಬಿಗಿಯಾಗಿ ಕಟ್ಟಿ, ತಿರುವಿನಲ್ಲಿ ನಿಧಾನಿಸಿದರೆ ಬೇರೆ ಗಾಲಿಯ ಅಗತ್ಯವೇ ಬೀಳದು.

ಗಾಡಿ ಇರುವ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಹೇರು ತುಂಬಿಸಿ ವೇಬ್ರಿಜ್‌ಗೆ ಹೋದಾಗ ಇಡೀ ಗಾಡಿ ತೂಗಿಸಿದ ಮೇಲೆ, ಮುಂದಿನ ಗಾಲಿಗಳನ್ನು ಕಟ್ಟೆಯಿಂದ ಕೆಳಗಿಳಿಸಿ ಹಿಂದಿನ ಗಾಲಿಗಳಷ್ಟನ್ನೇ ಮತ್ತೊಮ್ಮೆ ತೂಗಿಸಿ. ಆ ಅಂಕಿಯನ್ನು ನೋಂದಣಿ ಪತ್ರದಲ್ಲಿ ಬರೆದ ಹಿಂದಿನ ಆಕ್ಸಲ್ ತೂಕದ ಜೊತೆ ಹೋಲಿಸಿ ನೋಡಿ. ಮೀರಿದ್ದರೆ ಚೀಲ ಇಳಿಸಿ, ಆಮೇಲೆ ರಸ್ತೆಗೆ ಹೊರಡಿ.